ಉಸಿರಿನಿಂದ ಹರಡುವ ಕಾಯಿಲೆಗಳು: ಮಂಗಳೂರು, ಉಡುಪಿಯಲ್ಲಿ ಜನ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಾರ್ವಜನಿಕ ಆರೋಗ್ಯ ಸಂಶೋಧಕಿ. ಒಬ್ಬರ ಉಸಿರಿನಿಂದ ಇನ್ನೊಬ್ಬರಿಗೆ ದಾಟುವ ಕಾಯಿಲೆಗಳ ಬಗ್ಗೆ ಕೆಲಸ ಮಾಡುತ್ತೇನೆ. ಟಿಬಿ, ಫ್ಲೂ, ಕೋವಿಡ್, ಮಕ್ಕಳ ನ್ಯುಮೋನಿಯಾ, ಇಂಥವು. ಮಲ್ಪೆಯ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ, ಬೀಡಿ ಕಟ್ಟುವ ಮನೆಗಳ ಜಗಲಿಯಲ್ಲಿ ಕೂತಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಒಬ್ಬೊಬ್ಬರಿಗೆ ಅರ್ಧಂಬರ್ಧ ಹೇಳಿ ಬರುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಜನರ ಮಾತಿನಲ್ಲೇ ಇವೆ.

ನೀವು ಡಾಕ್ಟರಾ ಮೇಡಂ? ಮದ್ದು ಕೊಡ್ತೀರಾ?

ಮದ್ದು ಕೊಡುವುದಿಲ್ಲ. ಡಾಕ್ಟರು ತಮ್ಮ ಮುಂದೆ ಬಂದು ಕೂತ ಒಬ್ಬ ರೋಗಿಯನ್ನು ನೋಡುತ್ತಾರೆ. ನಾವು ಡಾಕ್ಟರ ಹತ್ತಿರ ಬಾರದವರನ್ನೂ ಸೇರಿಸಿ ಇಡೀ ಊರನ್ನು ನೋಡುತ್ತೇವೆ. ಯಾರಿಗೆ ಕಾಯಿಲೆ ಬಂತು, ಯಾರಿಂದ ಬಂದಿರಬಹುದು, ಎಷ್ಟು ದಿನ ತಡವಾಗಿ ಆಸ್ಪತ್ರೆಗೆ ಹೋದರು, ಯಾಕೆ ತಡವಾಯಿತು. ಈ 'ಯಾಕೆ'ಗೇ ನನ್ನ ಹೆಚ್ಚಿನ ಸಮಯ ಹೋಗುತ್ತದೆ. ಕಾಯಿಲೆ ಇದೆ ಅನ್ನಿಸಿದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತೇವೆ. ಬೇಕಾದರೆ ಜೊತೆಗೆ ಬರುತ್ತೇವೆ.

ಮನೆಗೆ ಬಂದು ಏನೇನು ಕೇಳ್ತೀರಿ?

ಮನೆಯಲ್ಲಿ ಎಷ್ಟು ಜನ, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತೀರಿ, ಕಿಟಕಿ ತೆರೆದಿರುತ್ತದಾ, ಯಾರಿಗಾದರೂ ಕೆಮ್ಮು ಇದೆಯಾ, ಇದ್ದರೆ ಎಷ್ಟು ದಿನದಿಂದ. ತೂಕ ನೋಡುತ್ತೇವೆ. ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳುತ್ತೇವೆ, ಯಾಕೆಂದರೆ ಅದು ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ.

ಪ್ರಶ್ನೆ ಕೇಳುವುದು ಸುಲಭ ಅಂದುಕೊಂಡು ನಾನು ಈ ಕೆಲಸಕ್ಕೆ ಬಂದೆ. ಮೊದಲ ವರ್ಷ ನಮ್ಮ ನಮೂನೆಯಲ್ಲಿ 'ತಮಗೆ ಉಸಿರಾಟದ ತೊಂದರೆ ಇದೆಯೇ?' ಅಂತ ಇತ್ತು. ಎಲ್ಲರೂ ಇಲ್ಲ ಅಂದರು. ಆಮೇಲೆ ನಮ್ಮ ಜೊತೆ ಬರುತ್ತಿದ್ದ ಆಶಾ ಅಕ್ಕ ಅದನ್ನು ಬದಲಾಯಿಸಿ, 'ಬಾವಿಯಿಂದ ಕೊಡಪಾನ ಹೊತ್ತು ಬರುವಾಗ ದಮ್ಮು ಕಟ್ಟುತ್ತದಾ?' ಅಂತ ಕೇಳಿದರು. ಅದೇ ಮನೆಯಲ್ಲಿ, ಅದೇ ಹೆಂಗಸು ಹೌದು ಅಂದರು. ಅವರು ಮೊದಲು ಸುಳ್ಳು ಹೇಳಿರಲಿಲ್ಲ. ನಮ್ಮ ಪ್ರಶ್ನೆ ಅವರನ್ನು ಮುಟ್ಟಿರಲಿಲ್ಲ, ಅಷ್ಟೇ. ಅಂದಿನಿಂದ ತುಳು, ಬ್ಯಾರಿ, ಕೊಂಕಣಿ ಬಲ್ಲವರು ಇಲ್ಲದೆ ನಾವು ಯಾವ ಮನೆಗೂ ಹೋಗುವುದಿಲ್ಲ. ಬೋಟುಗಳಿಗೆ ಹೋಗುವಾಗ ಹಿಂದಿ ಬಲ್ಲವರೂ ಬೇಕಾಗುತ್ತದೆ.

ಕೆಮ್ಮು ಎಲ್ಲರಿಗೂ ಬರುತ್ತದೆ. ಯಾವ ಕೆಮ್ಮಿಗೆ ಪರೀಕ್ಷೆ ಬೇಕು?

ಎರಡು ವಾರ ದಾಟಿದ ಕೆಮ್ಮಿಗೆ. ಸಾಮಾನ್ಯ ಶೀತದ ಕೆಮ್ಮು ಹೆಚ್ಚಾಗಿ ಅಷ್ಟರೊಳಗೆ ಇಳಿಯುತ್ತದೆ. ಸಂಜೆ ಹೊತ್ತಿಗೆ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಊಟ ಸೇರದಿರುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದಾದರೂ ಇದ್ದರೆ ಎರಡು ವಾರ ಕಾಯುವುದೂ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಐದು ದಿನದ ಆಂಟಿಬಯೋಟಿಕ್ ತಗೊಳ್ಳಬೇಡಿ. ವೈರಸ್‌ನಿಂದ ಬಂದ ಶೀತಕ್ಕೆ ಅದು ಕೆಲಸ ಮಾಡುವುದಿಲ್ಲ. ಟಿಬಿ ಇದ್ದರೆ ಇನ್ನೂ ಕಷ್ಟ. ಕೆಲವು ಆಂಟಿಬಯೋಟಿಕ್‌ಗಳಿಂದ ಟಿಬಿ ಸ್ವಲ್ಪ ದಿನ ತಗ್ಗಿದ ಹಾಗೆ ಕಾಣುತ್ತದೆ. ಪರೀಕ್ಷೆಯಲ್ಲೂ ಸಿಗದೆ ಹೋಗಬಹುದು. ಒಂದೆರಡು ತಿಂಗಳು ಹಾಗೇ ಕಳೆಯುತ್ತದೆ. ಆ ಹೊತ್ತಿಗೆ ಮನೆಯ ಮಕ್ಕಳಿಗೂ ದಾಟಿರುತ್ತದೆ.

ಕಫ ಕೊಡುವುದು ಹೇಗೆ?

ಉಗುಳು ಬೇಡ, ಕಫ ಬೇಕು. ಬೆಳಿಗ್ಗೆ ಎದ್ದ ಕೂಡಲೇ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆಯಿರಿ. ಅಂಗಳದಲ್ಲಿ, ಗಾಳಿಯಾಡುವ ಕಡೆ ನಿಂತು ಕೊಡಿ. ಬಚ್ಚಲುಮನೆಯೊಳಗೆ ಬೇಡ.

ಟಿಬಿ ಬಂದವರ ತಟ್ಟೆ, ಲೋಟ ಬೇರೆ ಇಡಬೇಕಾ?

ಬೇಡ. ತಟ್ಟೆಯಿಂದ, ಬಟ್ಟೆಯಿಂದ, ಕೈ ಕುಲುಕುವುದರಿಂದ ಟಿಬಿ ಹರಡುವುದಿಲ್ಲ. ಶ್ವಾಸಕೋಶದ ಟಿಬಿ ಇದ್ದವರು ಕೆಮ್ಮಿದಾಗ, ಮಾತಾಡಿದಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಸೇರುತ್ತವೆ. ಮುಚ್ಚಿದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲಾಡುತ್ತವೆ. ಆ ಗಾಳಿಯನ್ನು ದಿನಗಟ್ಟಲೆ ಉಸಿರಾಡಿದವರಿಗೆ ಸೋಂಕು ತಗಲಬಹುದು. ತಗಲಿದವರೆಲ್ಲ ಕಾಯಿಲೆ ಬೀಳುವುದೂ ಇಲ್ಲ. ನೂರರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ಕಾಯಿಲೆ ಆಗುತ್ತದೆ.

ಸರಿಯಾದ ಔಷಧಿ ಶುರುಮಾಡಿ ಎರಡು ವಾರ ಆಗುವಷ್ಟರಲ್ಲಿ ಹೆಚ್ಚಿನವರಿಂದ ಹರಡುವ ಅಪಾಯ ತುಂಬಾ ಕಡಿಮೆಯಾಗುತ್ತದೆ. ಅಲ್ಲಿಯ ತನಕ ಮಾಸ್ಕ್ ಹಾಕಲಿ, ಗಾಳಿಯಾಡುವ ಕೋಣೆಯಲ್ಲಿ ಮಲಗಲಿ. ಹಳೇ ಹಂಚಿನ ಮನೆಗಳಲ್ಲಿ ಹಂಚಿನ ಸಂದಿಯಿಂದಲೇ ಗಾಳಿ ಹೋಗಿ ಬರುತ್ತಿತ್ತು. ಈಗಿನ ತಾರಸಿ ಮನೆಯಲ್ಲಿ ಕಿಟಕಿ ಮುಚ್ಚಿದರೆ ಮುಗಿಯಿತು. ಎದುರುಬದುರು ಎರಡು ಕಿಟಕಿ ತೆರೆದಿಡಿ. ಇದಕ್ಕೆ ಕಾಸು ಖರ್ಚಿಲ್ಲ.

ಹಿರಿಯರಿಗೆ ಟಿಬಿ ಅಂದರೆ ಊರಾಚೆಯ ಸ್ಯಾನಟೋರಿಯಂ ನೆನಪಾಗುತ್ತದೆ, ಮನೆಯವರನ್ನು ಬಿಟ್ಟು ವರ್ಷಗಟ್ಟಲೆ ಅಲ್ಲಿರಬೇಕಾಗಿದ್ದ ಕಾಲ. ಆ ಕಾಲವನ್ನು ಬದಲಿಸಿದ್ದು ನಮ್ಮ ದೇಶದ್ದೇ ಒಂದು ಅಧ್ಯಯನ. 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ಅರ್ಧ ರೋಗಿಗಳಿಗೆ ಸ್ಯಾನಟೋರಿಯಂನಲ್ಲಿ, ಉಳಿದವರಿಗೆ ಮನೆಯಲ್ಲೇ ಔಷಧಿ ಕೊಟ್ಟು ನೋಡಿದರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೆ ಸೋಂಕು ಜಾಸ್ತಿಯೂ ಆಗಲಿಲ್ಲ. ಇಂದು ಜಗತ್ತಿನ ಹೆಚ್ಚಿನ ಟಿಬಿ ರೋಗಿಗಳು ಮನೆಯಲ್ಲೇ ಇದ್ದು ಗುಣವಾಗುತ್ತಿರುವುದರ ಹಿಂದೆ ಆ ಕೆಲಸ ಇದೆ.

ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ. ಗೊತ್ತಾದರೆ ಕಷ್ಟ. ಗುಟ್ಟಾಗಿ ಇಡಬಹುದಾ?

ಈ ಪ್ರಶ್ನೆಯನ್ನು ತಾಯಂದಿರು ನನ್ನ ಕೈ ಹಿಡಿದು, ಅಡುಗೆಮನೆಗೆ ಕರೆದುಕೊಂಡು ಹೋಗಿ ಕೇಳುತ್ತಾರೆ. ಅವರ ಭಯ ನಿಜವಾದದ್ದು. ನಾನು ಅದನ್ನು ಸಣ್ಣದು ಮಾಡುವುದಿಲ್ಲ.

ಊರಿಗೆ ಹೇಳಲೇಬೇಕು ಅಂತ ಇಲ್ಲ. ಡಾಕ್ಟರಿಗೆ ಹೇಳಲೇಬೇಕು. ಟಿಬಿ ಪತ್ತೆಯಾದರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವ ನಿಯಮ 2012ರಿಂದ ಇದೆ, ಖಾಸಗಿ ಡಾಕ್ಟರಿಗೂ ಅನ್ವಯಿಸುತ್ತದೆ. ಆ ಹೆಸರನ್ನು ಬೋರ್ಡಿಗೆ ಹಾಕುವುದಿಲ್ಲ. ಔಷಧಿ ನಿಲ್ಲದ ಹಾಗೆ ನೋಡಿಕೊಳ್ಳಲು, ಮನೆಯವರನ್ನು ಪರೀಕ್ಷಿಸಲು ಅದು ಬೇಕು. ಆರೋಗ್ಯ ಕಾರ್ಯಕರ್ತರು ಮನೆಗೆ ಬಂದರೆ ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆ ಅನ್ನಿಸಿದರೆ, ಬೇರೆ ಕಡೆ ಸಿಗೋಣ ಅಂತ ಧೈರ್ಯವಾಗಿ ಹೇಳಿ. ನಾವು ಎಷ್ಟೋ ಸಲ ಅಂಗನವಾಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾಗಿದ್ದೇವೆ.

ಗುಣವಾದವರು ಮದುವೆ ಆಗಬಹುದು, ಮಕ್ಕಳನ್ನು ಹೆರಬಹುದು. ಹುಡುಗಿಯರ ಕೆಮ್ಮನ್ನು ಮನೆಯವರು ಮುಚ್ಚಿಟ್ಟು, ಮೈಯೆಲ್ಲ ಸೊರಗಿದ ಮೇಲೆ ಕರೆತಂದದ್ದನ್ನು ನೋಡಿದ್ದೇನೆ. ಹುಡುಗರ ಕೆಮ್ಮನ್ನು ಅಷ್ಟು ಮುಚ್ಚಿಡುವುದಿಲ್ಲ. ಈ ವ್ಯತ್ಯಾಸ ನನಗೆ ತುಂಬಾ ನೋವು ಕೊಡುತ್ತದೆ.

ಬೋಟಿನವರ ಹಿಂದೆ ಯಾಕೆ ಬಿದ್ದಿದ್ದೀರಿ? ಅವರಿಂದ ಕಾಯಿಲೆ ಬರ್ತದಾ?

ಅವರಿಂದ ಅಲ್ಲ, ಅವರಿಗೆ ಬರುತ್ತದೆ. ಆಳಸಮುದ್ರದ ಬೋಟು ಹೊರಟರೆ ಹತ್ತು ದಿನ ನೀರಿನಲ್ಲೇ. ತಾಂಡೇಲ (ಬೋಟು ನಡೆಸುವವನು), ಕಲಾಸಿಗಳು (ಬೋಟಿನ ಕೆಲಸಗಾರರು) ಎಲ್ಲರೂ ಸಣ್ಣದೊಂದು ಕ್ಯಾಬಿನ್‌ನಲ್ಲಿ ಸರದಿ ಮೇಲೆ ಮಲಗುತ್ತಾರೆ. ಗಾಳಿ, ಅಲೆ ಜೋರಾದರೆ ಬಾಗಿಲು ಮುಚ್ಚಲೇಬೇಕು. ಒಬ್ಬನಿಗೆ ಕೆಮ್ಮು ಇದ್ದರೆ ಉಳಿದವರಿಗೆ ತಪ್ಪಿಸಿಕೊಳ್ಳುವ ಜಾಗವೇ ಇಲ್ಲ. ದಡಕ್ಕೆ ಬಂದ ದಿನ ಆಸ್ಪತ್ರೆಯ ಹೊರರೋಗಿ ವಿಭಾಗದ ಹೊತ್ತು ಮೀರಿರುತ್ತದೆ, ಮರುದಿನ ಮತ್ತೆ ಐಸು ತುಂಬಿ ಹೊರಡಬೇಕು. ಹೋಗದಿದ್ದರೆ ಪಾಲು ಹೋಗುತ್ತದೆ. ಹೀಗಿರುವಾಗ ಕೆಮ್ಮನ್ನು ಮುಚ್ಚಿಟ್ಟ ಅಂತ ಅವನನ್ನು ಬೈಯುವುದು ಸರಿಯಲ್ಲ.

ಇನ್ನೊಂದು ತೊಡಕು ಮೀನುಗಾರಿಕೆಯ ರಜೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಆಗ ಕಲಾಸಿಗಳು ತಮ್ಮ ಊರಿಗೆ ಹೊರಡುತ್ತಾರೆ, ಕೆಲವರ ಊರು ಒಡಿಶಾ, ಜಾರ್ಖಂಡ್‌ನಷ್ಟು ದೂರ. ಏಪ್ರಿಲ್‌ನಲ್ಲಿ ಮಾತ್ರೆ ಶುರುಮಾಡಿದವನ ಕೋರ್ಸ್ ನಡುವಲ್ಲಿ ನಿಲ್ಲುವುದು ಹೀಗೆ. ಇದನ್ನು ತಪ್ಪಿಸಲು ದಾರಿ ಇದೆ. ನಿಕ್ಷಯ್ ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ಪ್ರತಿ ರೋಗಿಗೂ ಒಂದು ಗುರುತು ಸಂಖ್ಯೆ ಇರುತ್ತದೆ. ಹೊರಡುವ ಮುಂಚೆ ಆಸ್ಪತ್ರೆಗೆ ತಿಳಿಸಿದರೆ ಚಿಕಿತ್ಸೆಯನ್ನು ಅವರ ಊರಿಗೇ ವರ್ಗಾಯಿಸುತ್ತಾರೆ. ಮೇ ತಿಂಗಳಲ್ಲಿ ಬಂದರಿಗೆ ಹೋಗಿ ಇದನ್ನೇ ಹೇಳುವುದು ನಮ್ಮ ದೊಡ್ಡ ಕೆಲಸ. ಬೋಟಿನ ಮಾಲೀಕರು, ತಾಂಡೇಲರು ಒಂದು ಮಾತು ಹೇಳಿದರೆ ನಾವು ಹತ್ತು ಸಲ ಹೇಳುವುದಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ.

ಊಟಕ್ಕೂ ಟಿಬಿಗೂ ಏನು ಸಂಬಂಧ?

ತುಂಬಾ ಇದೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು, ಹೊಟ್ಟೆಗೆ ಸಾಲದ ಊಟ. ಮೈಯಲ್ಲಿ ತ್ರಾಣ ಇಲ್ಲದಾಗ ಒಳಗೆ ಸುಮ್ಮನೆ ಮಲಗಿದ್ದ ರೋಗಾಣು ಏಳುತ್ತದೆ.

ಇದನ್ನು ಸಾಬೀತು ಮಾಡಿ ತೋರಿಸಿದ ಅಧ್ಯಯನವೊಂದರ ಮುಂದಾಳುಗಳು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನವರು, ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಅಧ್ಯಯನ ನಡೆದದ್ದು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ, 2019ರಿಂದ 2022ರ ತನಕ. ಹೆಸರು 'ರೇಷನ್ಸ್'. 2,800 ಟಿಬಿ ರೋಗಿಗಳು, ಅವರ ಮನೆಗಳ 10,345 ಜನ. ರೋಗಿಗಳೆಲ್ಲರಿಗೂ ಆಹಾರದ ಕಿಟ್ ಕೊಟ್ಟರು. ಅರ್ಧದಷ್ಟು ಕಡೆ ಮನೆಯ ಉಳಿದವರಿಗೂ ಕೊಟ್ಟರು, ದೊಡ್ಡವರಿಗೆ ತಲೆಗೆ ತಿಂಗಳಿಗೆ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಹಾಗೆ ಊಟ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು 39 ಶೇಕಡಾ ಕಡಿಮೆಯಾಯಿತು. ಇತರರಿಗೆ ಹರಡಬಲ್ಲ, ಪರೀಕ್ಷೆಯಲ್ಲಿ ಖಚಿತವಾದ ಶ್ವಾಸಕೋಶದ ಟಿಬಿ 48 ಶೇಕಡಾ ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಐದು ಶೇಕಡಾ ಏರಿದ ರೋಗಿಗಳಲ್ಲಿ ಸಾವಿನ ಅಪಾಯ 61 ಶೇಕಡಾ ಕಡಿಮೆ ಇತ್ತು. 2023ರ ಆಗಸ್ಟ್‌ನಲ್ಲಿ ಇದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗಳಲ್ಲಿ ಬಂತು.

ಅಕ್ಕಿ ಮತ್ತು ಬೇಳೆ! ಹೊಸ ಲಸಿಕೆ ಅಲ್ಲ, ದುಬಾರಿ ಯಂತ್ರ ಅಲ್ಲ. ಅದನ್ನು ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

ಟಿಬಿ ಚಿಕಿತ್ಸೆಯಲ್ಲಿರುವವರಿಗೆ ಊಟಕ್ಕೆಂದು ಸರ್ಕಾರ ಬ್ಯಾಂಕ್ ಖಾತೆಗೆ ಹಣ ಹಾಕುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ರೂಪಾಯಿ. ಬಂದಿಲ್ಲ ಅಂದರೆ ಕೇಳಿ, ಅದು ನಿಮ್ಮ ಹಕ್ಕು. ಊಟ ಏನು ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಆದರೆ ಗಂಜಿ, ಉಪ್ಪಿನಕಾಯಿ ಮಾತ್ರ ಸಾಲದು. ಬಂಗುಡೆ, ಬೂತಾಯಿ ತಿನ್ನುವವರು ಬಿಡದೆ ತಿನ್ನಿ. ತಿನ್ನದವರು ಹುರುಳಿ, ಹೆಸರು, ಕಡಲೆ, ಹಾಲು ತಗೊಳ್ಳಿ. ಮೀನು ನಂಜು ಅಂತ ಟಿಬಿ ರೋಗಿಗೆ ಪಥ್ಯ ಮಾಡಿಸುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ.

ಮಾತ್ರೆ ತಗೊಂಡರೆ ಮೂತ್ರ ಕೆಂಪಾಗ್ತದೆ. ರಕ್ತವಾ?

ಅಲ್ಲ. ರಿಫಾಂಪಿಸಿನ್ ಅನ್ನುವ ಔಷಧಿಯ ಬಣ್ಣ ಅದು. ಹೆದರಿ ನಿಲ್ಲಿಸಬೇಡಿ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಕ್ಷಣ ಡಾಕ್ಟರಿಗೆ ತೋರಿಸಿ. ಸಾಮಾನ್ಯ ಟಿಬಿಗೆ ಆರು ತಿಂಗಳ ಕೋರ್ಸ್. ಎರಡು ತಿಂಗಳಿಗೇ ಮೈ ಹಗುರಾಗುತ್ತದೆ, ಅಲ್ಲೇ ಹೆಚ್ಚಿನವರು ಬಿಡುವುದು. ಬಿಟ್ಟರೆ ಉಳಿದ ರೋಗಾಣುಗಳು ಔಷಧಿಗೆ ಬಗ್ಗದ ಹಾಗೆ ಆಗಬಹುದು.

ಮಳೆಗಾಲದಲ್ಲಿ ಶೀತ, ಜ್ವರ ಯಾಕೆ ಜಾಸ್ತಿ? ನೆನೆಯೋದರಿಂದಲಾ?

ನೆನೆದರೆ ಚಳಿಯಾಗುತ್ತದೆ. ಆದರೆ ಕಾಯಿಲೆ ಬರುವುದು ವೈರಸ್‌ನಿಂದ. ನಮ್ಮ ಕರಾವಳಿಯಲ್ಲಿ ಮಳೆ, ಶಾಲೆ ಎರಡೂ ಜೂನ್‌ನಲ್ಲಿ ಒಟ್ಟಿಗೆ ಶುರು. ಬಸ್ಸಿನ ಕಿಟಕಿ ಮುಚ್ಚುತ್ತದೆ, ತರಗತಿಯ ಕಿಟಕಿ ಮುಚ್ಚುತ್ತದೆ, ಮನೆಯಲ್ಲಿ ಎಲ್ಲರೂ ಒಳಗೇ ಇರುತ್ತಾರೆ. ಒಬ್ಬರ ಉಸಿರು ಇನ್ನೊಬ್ಬರಿಗೆ ಸುಲಭವಾಗಿ ಸಿಗುತ್ತದೆ. ಭಾರತದಲ್ಲಿ ಫ್ಲೂ ಏರುವುದು ಎರಡು ಸಲ, ವರ್ಷದ ಮೊದಲ ತಿಂಗಳುಗಳಲ್ಲಿ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ.

ಮಂಗಳೂರಿನವರಿಗೆ ಒಂದು ಎಚ್ಚರಿಕೆ. ಮಳೆಗಾಲದ ಜ್ವರವೆಲ್ಲ ಫ್ಲೂ ಅಲ್ಲ. ಮಲೇರಿಯಾ, ಡೆಂಗಿ, ಇಲಿಜ್ವರ ಮೂರೂ ಇಲ್ಲಿವೆ. ಕೆಮ್ಮು, ಶೀತ ಇಲ್ಲದೆ ಬರೀ ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ.

ಫ್ಲೂ ಲಸಿಕೆ ಬೇಕಾ?

ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ದಮ್ಮು ಇರುವವರು ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು. ಫ್ಲೂ ವೈರಸ್ ಬದಲಾಗುತ್ತಾ ಇರುತ್ತದೆ, ಆದ್ದರಿಂದ ಪ್ರತಿ ವರ್ಷ ಬೇಕು. ನಮ್ಮ ಕಡೆಗೆ ಮಳೆ ಶುರುವಾಗುವ ಮುಂಚೆ, ಏಪ್ರಿಲ್, ಮೇ ಸರಿಯಾದ ಸಮಯ. ಮೈಯಲ್ಲಿ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು.

ಮಗುವಿಗೆ ಕೆಮ್ಮು. ಶೀತವಾ, ನ್ಯುಮೋನಿಯಾವಾ? ಮನೆಯಲ್ಲೇ ಹೇಗೆ ಗೊತ್ತಾಗ್ತದೆ?

ಉಸಿರು ಎಣಿಸಿ. ಮಗು ಅಳದೆ, ಸುಮ್ನೆ ಮಲಗಿದ್ದಾಗ ಅಂಗಿ ಮೇಲೆತ್ತಿ ಎದೆ, ಹೊಟ್ಟೆ ನೋಡಿ. ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು ಎಣಿಸಿ. ಎರಡು ತಿಂಗಳೊಳಗಿನ ಶಿಶು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡಿದರೆ ಅಪಾಯ. ಎರಡು ತಿಂಗಳಿಂದ ಒಂದು ವರ್ಷದೊಳಗೆ 50. ಒಂದರಿಂದ ಐದು ವರ್ಷದೊಳಗೆ 40. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ಕಾಯಲೇಬೇಡಿ. ರಾತ್ರಿಯಾದರೂ ಹೊರಡಿ.

ಇದನ್ನು ಒಬ್ಬ ಅಜ್ಜಿಗೆ ಕಲಿಸಿದ್ದೆ. ಗಡಿಯಾರ ನೋಡಲು ಬರುವುದಿಲ್ಲ ಅಂದರು. ಮೊಮ್ಮಗಳು ಮೊಬೈಲು ಹಿಡಿದಳು, ಅಜ್ಜಿ ಎಣಿಸಿದರು. ಕಣ್ಣು ಮಿಟುಕಿಸದೆ ಎಣಿಸಿದರು.

ನ್ಯುಮೋಕಾಕಲ್ ಲಸಿಕೆ ಈಗ ಸರ್ಕಾರಿ ಪಟ್ಟಿಯಲ್ಲಿದೆ. 6 ವಾರ, 14 ವಾರ, 9 ತಿಂಗಳಿಗೆ ಕೊಡುತ್ತಾರೆ. ನಾಯಿಕೆಮ್ಮು, ಗಂಟಲುಮಾರಿ, ದಡಾರದ ಲಸಿಕೆಗಳನ್ನೂ ತಪ್ಪಿಸಬೇಡಿ. ಹುಟ್ಟಿದಾಗ ಹಾಕುವ ಬಿಸಿಜಿ, ಮಕ್ಕಳಿಗೆ ಮೆದುಳಿನ ಟಿಬಿಯಂಥ ಘೋರ ರೂಪ ಬಾರದಂತೆ ಕಾಯುತ್ತದೆ. ದೊಡ್ಡವರಾದ ಮೇಲೆ ಬರುವ ಶ್ವಾಸಕೋಶದ ಟಿಬಿಯನ್ನು ಅದು ಅಷ್ಟಾಗಿ ತಡೆಯುವುದಿಲ್ಲ.

ಕಷಾಯ ಕುಡಿಯಬಹುದಾ?

ಕುಡಿಯಿರಿ. ಶುಂಠಿ, ಕಾಳುಮೆಣಸು, ಜೀರಿಗೆ, ಸಾಂಬ್ರಾಣಿ ಎಲೆ, ಎಲ್ಲ ಗಂಟಲಿಗೆ ಹಿತ. ನನ್ನ ಮನೆಯಲ್ಲೂ ಮಾಡುತ್ತೇವೆ. ಆದರೆ ಕಷಾಯ ಕುಡಿಯುತ್ತಾ ಪರೀಕ್ಷೆಯನ್ನು ಮುಂದೂಡಬೇಡಿ. ಮಕ್ಕಳನ್ನು ಕುದಿಯುವ ನೀರಿನ ಪಾತ್ರೆಯ ಮುಂದೆ ಕೂರಿಸಿ ಹಬೆ ಕೊಡಬೇಡಿ, ಸುಟ್ಟುಕೊಂಡ ಮಕ್ಕಳಿದ್ದಾರೆ.

ಬೀಡಿ ಕಟ್ಟುವವರಿಗೂ ತೊಂದರೆಯಾ? ನಾವು ಸೇದೋದಿಲ್ಲ.

ಸೇದದಿದ್ದರೂ ಹೊಗೆಸೊಪ್ಪಿನ ಧೂಳು ಮೂಗಿಗೆ ಹೋಗುತ್ತದೆ. ತಡ್ಪೆ (ಮೊರ) ಮಡಿಲಲ್ಲಿಟ್ಟು ದಿನವಿಡೀ ಬಗ್ಗಿ ಕೂತರೆ ಮುಖ ಅದರ ಮೇಲೇ ಇರುತ್ತದೆ. ಜಗಲಿಯಲ್ಲಿ ಕೂತು ಕಟ್ಟಿ, ಕೋಣೆಯೊಳಗೆ ಬೇಡ. ಮಗುವನ್ನು ಪಕ್ಕದಲ್ಲಿ ಮಲಗಿಸಬೇಡಿ. ಬೀಡಿ ಕಟ್ಟುವವರು ತಮ್ಮ ಕೆಮ್ಮನ್ನು 'ಧೂಳಿನ ಕೆಮ್ಮು' ಅಂತ ತಳ್ಳಿಬಿಡುತ್ತಾರೆ. ಹೆಚ್ಚಿನ ಸಲ ಅದು ಧೂಳಿನದ್ದೇ ಇರಬಹುದು. ಎರಡು ವಾರ ದಾಟಿದರೆ ಆ ಲೆಕ್ಕ ಹಿಡಿಯಬೇಡಿ.

ನಿಫಾ ಇಲ್ಲಿಗೂ ಬರಬಹುದಾ?

ನಿಫಾ ಬಾವಲಿಗಳಲ್ಲಿ ಇರುವ, ಮನುಷ್ಯರಿಗೂ ದಾಟಬಲ್ಲ ವೈರಸ್. 2018ರ ಮೇಯಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ನಿಫಾ ಬಂದಾಗ ಅದನ್ನು ಮೊದಲು ಗುರುತಿಸಿದ್ದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಆಮೇಲೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಒಂದೇ ಮನೆಯಲ್ಲಿ ಎರಡನೆಯವರು ಅದೇ ತರ ಕಾಯಿಲೆ ಬಿದ್ದಾಗ, ಇದು ಮಾಮೂಲಿ ಅಲ್ಲ ಅಂತ ಅನುಮಾನಪಟ್ಟ ಡಾಕ್ಟರುಗಳಿಂದ ಅದು ಬೇಗ ಪತ್ತೆಯಾಯಿತು. ಆ ಸಲ ಹೆಚ್ಚಿನವರಿಗೆ ಅದು ತಗಲಿದ್ದು ಆಸ್ಪತ್ರೆಗಳಲ್ಲೇ. ರೋಗಿಯ ತೀರಾ ಹತ್ತಿರ ಇದ್ದವರಿಗೆ. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ. ಬಾವಲಿಗಳನ್ನು ಓಡಿಸಲು, ಕೊಲ್ಲಲು ಹೋಗಬೇಡಿ, ಅದರಿಂದ ಅಪಾಯ ಜಾಸ್ತಿಯೇ ಆಗುತ್ತದೆ.

ನಾನು ಮಾಹಿತಿ ಕೊಡುವುದಿಲ್ಲ ಅಂದರೆ?

ಕೊಡಬೇಡಿ. ಯಾಕೆ ಅಂತಲೂ ಕೇಳುವುದಿಲ್ಲ. ನಿಮ್ಮ ಚಿಕಿತ್ಸೆಗೆ ಅದರಿಂದ ಏನೂ ಆಗುವುದಿಲ್ಲ. ಒಪ್ಪಿ ಆಮೇಲೆ ಬೇಡ ಅನ್ನಿಸಿದರೂ ಹೊರಬರಬಹುದು. ಒಪ್ಪಿಗೆ ಪತ್ರವನ್ನು ನಿಮಗೆ ಓದಿ ಹೇಳಿ, ಒಂದು ಪ್ರತಿ ನಿಮಗೇ ಕೊಡುತ್ತೇವೆ. ಅದು ಮೊದಲು ನೈತಿಕ ಸಮಿತಿಯ ಮುಂದೆ ಹೋಗಿರುತ್ತದೆ. ಸಮಿತಿಯಲ್ಲಿ ಡಾಕ್ಟರುಗಳಲ್ಲದ ಸಾಮಾನ್ಯ ಜನರೂ ಇರಬೇಕು ಅನ್ನುವುದು ನಿಯಮ. ನಿಮ್ಮ ಹೆಸರಿನ ಬದಲು ಒಂದು ಸಂಖ್ಯೆ ಬರೆಯುತ್ತೇವೆ.

ಬಂದು ಕೇಳಿ ಹೋಗ್ತೀರಿ. ಆಮೇಲೆ ಏನಾಯ್ತು ಅಂತ ನಮಗೆ ಯಾರೂ ಹೇಳೋದಿಲ್ಲ.

ಈ ದೂರು ನ್ಯಾಯವಾದದ್ದು. ಒಂದು ಮನೆಯಲ್ಲಿ ಬೀಡಿ ಕಟ್ಟುವ ಅಕ್ಕ, ಹಿಂದೆಯೂ ಮೂರು ತಂಡ ಬಂದು ಹೋಗಿತ್ತು, ಯಾರೂ ತಿರುಗಿ ಬರಲಿಲ್ಲ ಅಂದರು. ಅವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ನಾವು ಲೆಕ್ಕ ಮುಗಿದ ಮೇಲೆ ಅದೇ ಊರಿಗೆ ಮತ್ತೆ ಹೋಗುತ್ತೇವೆ. ಗ್ರಾಮಸಭೆಯಲ್ಲಿ, ಸ್ವಸಹಾಯ ಸಂಘದ ವಾರದ ಸಭೆಯಲ್ಲಿ, ಕಂಡದ್ದನ್ನು ಆ ಊರಿನ ಮಾತಿನಲ್ಲೇ ಹೇಳುತ್ತೇವೆ. ಬೋಟಿನವರಿಗೆ ಹೇಳುವುದು ಆಗಸ್ಟ್‌ನಲ್ಲಿ, ಅವರು ಊರಿಂದ ವಾಪಸಾದ ಮೇಲೆ. ಆ ಅಕ್ಕನ ಮನೆಗೆ ಕಳೆದ ಸಲ ಹೋದಾಗ ಅವರು ಜಗಲಿಯಲ್ಲಿ ಚಾಪೆ ಹಾಸಿ, ಅಕ್ಕಪಕ್ಕದ ಎಂಟು ಹೆಂಗಸರನ್ನು ಕರೆದು ಕೂರಿಸಿದ್ದರು.